ಹಳೇ ಡೀಸೆಲ್ ಟ್ರಕ್: ಹೊಗೆ ಕಮ್ಮಿ, ಘಾಟು ಜಾಸ್ತಿ, ಎಲ್ಲಿಂದ ಹುಡುಕ್ಲಿ?

ಹಳೇಗಾಡಿ_ಆರುಸಿಲಿಂಡರ್:

ಎಲ್ರಿಗೂ ನಮಸ್ಕಾರ. ನನ್ನದು ಹಳೇ ಟ್ರಕ್ಕು, ಆರು ಸಿಲಿಂಡರ್, ಟರ್ಬೊ ಇದೆ, ಇನ್‌ಲೈನ್ ಪಂಪು (ಒಂದೊಂದು ಸಿಲಿಂಡರ್‌ಗೂ ಡೀಸೆಲ್ ಒತ್ತಿ ಕಳಿಸೋದು), ಪೂರ್ತಿ ಮೆಕ್ಯಾನಿಕಲ್, ಸೆನ್ಸರ್ ಗಿನ್ಸರ್ ಏನೂ ಇಲ್ಲ, ಹಾಗಾಗಿ ಸ್ಕ್ಯಾನರ್ ಹಾಕಿ ನೋಡೋ ಮಾತೇ ಬರಲ್ಲ. ನಾಲ್ಕು ತಿಂಗಳ ಹಿಂದೆ ಬೆಳಗ್ಗೆ ಸ್ಟಾರ್ಟಿಂಗ್ ತೊಂದ್ರೆ ಇತ್ತು ಅಂತ ಆರೂ ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸೋ ಭಾಗ) ಬಿಚ್ಚಿಸಿ ಹೊಸ ನಾಝಲ್ (ಅದರ ತುದಿ) ಹಾಕಿಸ್ದೆ. ಸ್ಟಾರ್ಟಿಂಗ್ ಏನೋ ಸರಿಹೋಯ್ತು, ಆದ್ರೆ ಆವತ್ತಿಂದ ಸೈಲೆನ್ಸರ್ ವಾಸನೆ ವಿಪರೀತ. ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಹತ್ತು ಹದಿನೈದು ನಿಮಿಷ ತೆಳ್ಳಗೆ ಬಿಳಿ ಹೊಗೆ ಬರುತ್ತೆ, ಹಿಂದೆ ನಿಂತ್ರೆ ಕಣ್ಣಲ್ಲಿ ನೀರು ಬರೋಷ್ಟು ಘಾಟು, ಮೂಗು ಉರಿಯುತ್ತೆ. ಆಮೇಲೆ ಹೊಗೆ ಹೋಗುತ್ತೆ ಆದ್ರೆ ವಾಸನೆ ಹೋಗಲ್ಲ, ಲೋಡಿಂಗ್‌ಗೆ ಅಂತ ಗಾಡಿ ನಿಲ್ಲಿಸಿ ಇಂಜಿನ್ ಸ್ಲೋನಲ್ಲಿ ಬಿಟ್ರೆ ಅಕ್ಕಪಕ್ಕದವ್ರು ಮೂಗು ಮುಚ್ಕೊಂಡು ಏನಪ್ಪಾ ಇದು ಅಂತಾರೆ. ಲೋಡ್ ಹಾಕಿ ಏರು ಹತ್ತಿಸುವಾಗ ವಾಸನೆ ಕಮ್ಮಿ, ಅದೇ ನಂಗೆ ವಿಚಿತ್ರ ಅನ್ಸಿದ್ದು.

ಇನ್ನೊಂದು, ಕ್ಯಾಬಿನ್ ಒಳಗೂ ವಾಸನೆ ಬರ್ತಿದೆ, ಕಿಟಕಿ ಹಾಕಿದ್ರೆ ಇನ್ನೂ ಜಾಸ್ತಿ, ಸಂಜೆ ಹೊತ್ತಿಗೆ ತಲೆನೋವು ಗ್ಯಾರಂಟಿ. ಕೂಲಂಟ್ ಕಮ್ಮಿ ಆಗ್ತಿಲ್ಲ, ಇಂಜಿನ್ ಆಯಿಲ್ ಕೂಡ ಕಮ್ಮಿ ಆಗ್ತಿಲ್ಲ, ಏರ್ ಫಿಲ್ಟರ್ ಹೊಸದು, ಪಿಕಪ್ ಸುಮಾರಾಗಿದೆ. ಮೆಕ್ಯಾನಿಕ್ ಹೇಳ್ತಿರೋದು ಪಂಪ್ ಇಳಿಸಿ ಕ್ಯಾಲಿಬ್ರೇಷನ್ ಮಾಡಿಸಬೇಕು ಅಂತ. ಅದು ದೊಡ್ಡ ಕೆಲಸ, ಬರೀ ಅಂದಾಜಿನ ಮೇಲೆ ಪಂಪ್ ಬಿಚ್ಚೋಕೆ ಮನಸ್ಸಿಲ್ಲ. ಅದಕ್ಕೂ ಮುಂಚೆ ನಾನೇ ಏನೇನು ಚೆಕ್ ಮಾಡ್ಬಹುದು, ಗೊತ್ತಿರೋರು ದಯವಿಟ್ಟು ಹೇಳಿ.

ನಾಝಲ್_ಟೆಸ್ಟರ್:

ಮೊದಲು ತಲೆನೋವಿನ ವಿಷಯ ಅಣ್ಣ, ಅದನ್ನ ಹಗುರವಾಗಿ ತಗೋಬೇಡಿ. ಡೀಸೆಲ್ ಹೊಗೆಲಿ ಕಾರ್ಬನ್ ಮಾನಾಕ್ಸೈಡ್ ಪೆಟ್ರೋಲ್ ಗಾಡಿಗಿಂತ ಕಮ್ಮಿ ಇರುತ್ತೆ ನಿಜ, ಆದ್ರೆ ಇಲ್ಲವೇ ಇಲ್ಲ ಅಂತೇನಲ್ಲ, ಅದಕ್ಕೆ ಸ್ವಂತ ವಾಸನೆ ಬೇರೆ ಇಲ್ಲ, ಹಾಗಾಗಿ ಹೊಗೆ ವಾಸನೆ ಒಳಗೆ ಬರ್ತಿದೆ ಅಂದ್ರೆ ಅದೂ ಜೊತೇಲಿ ಬರ್ತಿದೆ ಅಂತಲೇ ತಿಳ್ಕೊಳ್ಳಿ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತ ಕಾರಣಗಳ ಪಟ್ಟಿಗೆ ಸೇರಿಸಿದೆ. ರಿಪೇರಿ ಆಗೋವರೆಗೂ ಎರಡೂ ಕಡೆ ಕಿಟಕಿ ತೆಗೆದೇ ಓಡಿಸಿ, ಇಂಜಿನ್ ಆನ್ ಮಾಡ್ಕೊಂಡು ಕ್ಯಾಬಿನ್‌ನಲ್ಲಿ ಮಲಗೋದಂತೂ ಬೇಡವೇ ಬೇಡ.

ಈಗ ವಾಸನೆ ವಿಷಯಕ್ಕೆ ಬರೋಣ. ಹೊಗೆ ವಾಸನೆ ಅಂದ್ರೆ ಎಲ್ಲಾ ಒಂದೇ ಅಲ್ಲ. ಕಣ್ಣು ಮೂಗು ಉರಿಸೋ ಘಾಟು, ಅದರ ಜೊತೆ ಬಿಳಿ ಹೊಗೆ, ಅಂದ್ರೆ ಡೀಸೆಲ್ ಪೂರ್ತಿ ಉರೀದೆ ಅರ್ಧಂಬರ್ಧ ಆಚೆ ಬರ್ತಿದೆ ಅಂತ ಅರ್ಥ, ಅರ್ಧ ಸುಟ್ಟ ಡೀಸೆಲ್‌ನಿಂದ ಫಾರ್ಮಾಲ್ಡಿಹೈಡ್ ತರದ ಕೆಮಿಕಲ್ ಹುಟ್ಟುತ್ತೆ, ಕಣ್ಣು ಉರಿಯೋದು ಅದಕ್ಕೇ. ಸಿಹಿ ಸಿಹಿ ವಾಸನೆ ಜೊತೆ ಬಿಳಿ ಹೊಗೆ ಬಂದ್ರೆ ಕೂಲಂಟ್ ಸುಡ್ತಿದೆ, ಹೆಡ್ ಗ್ಯಾಸ್ಕೆಟ್ ನೋಡ್ಬೇಕು. ಸುಟ್ಟ ಎಣ್ಣೆ ವಾಸನೆ, ಹೊಗೆ ನೀಲಿ, ಅಂದ್ರೆ ರಿಂಗ್ ಅಥವಾ ವಾಲ್ವ್ ಗೈಡ್ ಅಥವಾ ಟರ್ಬೊ ಸೀಲು. ಲೋಡ್‌ನಲ್ಲಿ ಕರೀ ಹೊಗೆ ಮಸಿ ಬಂದ್ರೆ ಗಾಳಿ ಸಾಲ್ತಿಲ್ಲ ಇಲ್ಲಾ ಡೀಸೆಲ್ ಜಾಸ್ತಿ ಆಗಿದೆ. ನೀವು ಹೇಳೋ ಪ್ರಕಾರ ನಿಮ್ದು ಮೊದಲ್ನೇದು. ಲೋಡ್‌ನಲ್ಲಿ ವಾಸನೆ ಕಮ್ಮಿ ಆಗೋದೂ ಅದಕ್ಕೇ ಹೊಂದುತ್ತೆ, ಲೋಡ್ ಬಿದ್ರೆ ಸಿಲಿಂಡರ್ ಒಳಗೆ ಬಿಸಿ ಏರುತ್ತೆ, ಸರಿಯಾಗಿ ಸಿಂಪಡಿಸದೇ ಇರೋ ಡೀಸೆಲ್ ಕೂಡ ಆ ಬಿಸೀಲಿ ಹೇಗೋ ಉರ್ಕೊಂಡು ಹೋಗುತ್ತೆ, ಸ್ಲೋನಲ್ಲಿ ಆ ಬಿಸಿ ಇರಲ್ಲ.

ಬೆಳಗ್ಗೆ ತಣ್ಣಗಿರುವಾಗ ಒಂದು ಬಿಳೀ ರಟ್ಟನ್ನ ಸೈಲೆನ್ಸರ್ ಬಾಯಿಂದ ಒಂದಡಿ ದೂರದಲ್ಲಿ ಒಂದು ನಿಮಿಷ ಹಿಡೀರಿ. ಒಣ ಕರೀ ಪುಡಿ ಕೂತಿದ್ಯಾ, ಜಿಡ್ಡು ಕಲೆ ಇದ್ಯಾ, ಇಲ್ಲಾ ಒದ್ದೆ ಚುಕ್ಕೆ ಬಿದ್ದು ಡೀಸೆಲ್ ವಾಸನೆ ಬರುತ್ತಾ ನೋಡಿ. ಹಾಗೇ ಆಯಿಲ್ ಗೇಜ್ ಕಡ್ಡಿ ತೆಗೆದು ಮೂಸಿ ನೋಡಿ, ಆಯಿಲ್ ಕಮ್ಮಿ ಆಗಿಲ್ಲ ಅಂದ್ರಲ್ಲ, ಜಾಸ್ತಿ ಆಗಿದ್ಯಾ ಅಂತ ಯಾರೂ ನೋಡಲ್ಲ. ಡೀಸೆಲ್ ಇಳಿದು ಆಯಿಲ್‌ಗೆ ಸೇರ್ತಿದ್ರೆ ಲೆವೆಲ್ ಏರುತ್ತೆ, ಆಯಿಲ್ ತೆಳ್ಳಗಾಗುತ್ತೆ, ಬೇರಿಂಗ್ ಹೋಗೋಕೆ ಅಷ್ಟು ಸಾಕು.

ಪಂಪ್‌ರೂಂ:

ಮೆಕ್ಯಾನಿಕ್ ಹೇಳೋದ್ರಲ್ಲಿ ಪೂರ್ತಿ ತಪ್ಪಿಲ್ಲ, ಟೈಮಿಂಗ್ (ಪಂಪ್ ಡೀಸೆಲ್ ಕಳಿಸೋ ಹೊತ್ತು) ಲೇಟ್ ಆದ್ರೂ ಇದೇ ಲಕ್ಷಣ ಬರುತ್ತೆ, ಬಿಳಿ ಹೊಗೆ, ಘಾಟು, ಪಿಕಪ್ ಡಲ್ಲು. ಆದ್ರೆ ನಂಗೊಂದು ಪ್ರಶ್ನೆ, ಇಂಜೆಕ್ಟರ್ ಕೆಲಸ ಮಾಡಿದಾಗ ಪಂಪ್ ಮುಟ್ಟಿದ್ರಾ? ಮುಟ್ಟಿಲ್ಲ ಅಂದ್ರೆ ಅದೇ ದಿನ ಟೈಮಿಂಗ್ ಯಾಕೆ ಜರುಗುತ್ತೆ? ಕಪ್ಲಿಂಗ್ ಬೋಲ್ಟ್ ಲೂಸ್ ಆಗೋದು, ಗೇರ್ ಸವೆಯೋದು ಇವೆಲ್ಲಾ ನಿಧಾನಕ್ಕೆ ಆಗೋ ಕಥೆ. ಯಾವ ದಿನ ತೊಂದ್ರೆ ಶುರುವಾಯ್ತೋ ಆ ದಿನ ಯಾವ ಭಾಗಕ್ಕೆ ಕೈ ಹಾಕಿದ್ರು ಅನ್ನೋದನ್ನೇ ಮೊದಲು ಹಿಡೀಬೇಕು, ನಾನು ಪಂಪ್ ಕೆಲಸ ಮಾಡೋನೇ, ಆದ್ರೂ ಈಗ ಪಂಪ್ ಇಳಿಸಿ ಅಂತ ಹೇಳಲ್ಲ.

ನಾಝಲ್ ಹೊಸದು ಅಂದ್ರೆ ಸರಿ ಇದೆ ಅಂತಲ್ಲ. ಟೆಸ್ಟರ್ ಮೇಲೆ ಹಾಕಿ ಪ್ರೆಷರ್ ಸೆಟ್ ಮಾಡಿದ್ರಾ ಕೇಳಿ. ಈ ತರ ಡೈರೆಕ್ಟ್ ಇಂಜೆಕ್ಷನ್ ಹಳೇ ಇಂಜಿನ್‌ಗಳಲ್ಲಿ ಸುಮಾರು 180ರಿಂದ 250 ಬಾರ್ ಒಳಗೆ ಓಪನ್ ಆಗೋ ಹಾಗೆ ಇರುತ್ತೆ, ನಿಮ್ಮ ಇಂಜಿನ್‌ದು ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ನೋಡ್ಕೊಳ್ಳಿ, ಆರಕ್ಕೂ ಒಂದೇ ಇರ್ಬೇಕು. ಸ್ಪ್ರಿಂಗ್ ಹಳೇದು, ಶಿಮ್ (ಸ್ಪ್ರಿಂಗ್ ಬಿಗಿ ಹೊಂದಿಸೋ ತೆಳು ಬಿಲ್ಲೆ) ಬದಲಾಯಿಸ್ಲಿಲ್ಲ ಅಂದ್ರೆ ಒಂದೊಂದು ಒಂದೊಂದು ಪ್ರೆಷರ್‌ಗೆ ಬಾಯಿ ಬಿಡುತ್ತೆ. ಮಂಜಿನ ಹಾಗೆ ಸಿಂಪಡಿಸ್ಬೇಕಾದ್ದು ತೊಟ್ಟಿಕ್ಕುತ್ತೆ, ಆ ತೊಟ್ಟೇ ಘಾಟು.

ಸ್ಟೇರಿಂಗ್_ಹಿಡಿದಕೈ:

ನಮಸ್ಕಾರ್ರಿ. ಟೆಂಪರೇಚರ್ ಮುಳ್ಳು ಎಲ್ಲಿ ನಿಂದ್ರತೈತಿ ಅಂತ ನೀವು ಹೇಳೇ ಇಲ್ಲಲ್ರಿ. ನಂದು ಇಂಥಾದ್ದೇ ಗಾಡಿ ಇತ್ತು, ವರ್ಷಗಟ್ಟಲೆ ವಾಸನಿ ವಾಸನಿ ಅಂತ ಒದ್ದಾಡಿದೆ, ಕಡೀಕ್ ನೋಡಿದ್ರ ಥರ್ಮೋಸ್ಟಾಟ್ ವಾಲ್ವನ್ನ (ಇಂಜಿನ್ ಕಾಯೋತನಕ ನೀರು ರೇಡಿಯೇಟರ್‌ಗೆ ಹೋಗದಂಗ ತಡಿಯೂದು) ಯಾರೋ ಎಂದೋ ತೆಗೆದು ಒಗೆದಿದ್ರು. ಇಂಜಿನ್ ಬಿಸಿ ಆಗಬಾರದು ಅಂತ ತೆಗೀತಾರ, ಆದ್ರ ಡೀಸೆಲ್ ಇಂಜಿನ್‌ಗೆ ಬಿಸಿನೇ ಬೇಕ್ರಿ, ಅದಕ್ಕ ಪ್ಲಗ್ ಇಲ್ಲ, ಒತ್ತಿದ ಗಾಳಿ ಕಾವಿನ ಮ್ಯಾಲೇ ಬೆಂಕಿ ಹತ್ತಬೇಕು. ನೀರು 80-90 ಡಿಗ್ರಿಗೆ ಬರಲಿಲ್ಲ ಅಂದ್ರ ಸಿಲಿಂಡರ್ ಗೋಡಿ ತಣ್ಣಗ ಉಳೀತದ, ಡೀಸೆಲ್ ಆ ಗೋಡಿಗೆ ಹತ್ತಿ ಸುಡೂದಿಲ್ಲ, ಹಂಗ ಹೊರಗ ಬರ್ತದ. ವಾಲ್ವ್ ಇಲ್ಲದಿದ್ರ ಇಂಜಿನ್ ತಂಪು ಇರ್ತದ ಅನ್ನೂದೂ ಪೂರ್ತಿ ಖರೇ ಅಲ್ಲ, ಕೆಲವು ಇಂಜಿನ್‌ದಾಗ ಬೈಪಾಸ್ ದಾರಿ ಮುಚ್ಚೂದು ಅದೇ ವಾಲ್ವ್, ಅದು ಇಲ್ಲಂದ್ರ ನೀರು ರೇಡಿಯೇಟರ್‌ಗೆ ಹೋಗದ ಅಲ್ಲೇ ಸುತ್ತತದ, ಏರಿನ್ಯಾಗ ಉಲ್ಟಾ ಓವರ್‌ಹೀಟ್ ಆಗ್ತದ.

ಮತ್ತ ತಾಸುಗಟ್ಟಲೆ ಸ್ಲೋನ್ಯಾಗ ಬಿಡಬ್ಯಾಡ್ರಿ. ಉರೀದ ಡೀಸೆಲ್ ಸೈಲೆನ್ಸರ್ ಒಳಗ ಹೋಗಿ ಕೂಡತದ, ಡಾಂಬರ್ ಗತೆ ಆಗ್ತದ, ಆಮ್ಯಾಲೆ ಇಂಜಿನ್ ಸರಿ ಮಾಡಿದ್ರೂ ಸ್ವಲ್ಪ ದಿನ ಅದರ ವಾಸನಿ ಬರ್ತಾನೇ ಇರ್ತದ.

ಬ್ಯಾಟರಿವೈರ್:

ಸಣ್ಣ ವಿಷಯ. ಕೊಳೆತ ಮೊಟ್ಟೆ ತರ ವಾಸನೆ ಏನಾದ್ರೂ ಇದ್ರೆ ಸೈಲೆನ್ಸರ್ ಬಿಟ್ಟು ಬ್ಯಾಟರಿ ನೋಡಿ. 24 ವೋಲ್ಟ್ ಗಾಡೀಲಿ ಚಾರ್ಜಿಂಗ್ 28 ಆಸುಪಾಸು ಇರ್ಬೇಕು, ರೆಗ್ಯುಲೇಟರ್ ಹೋಗಿ 30 ದಾಟಿದ್ರೆ ಬ್ಯಾಟರಿ ಕುದಿಯೋಕೆ ಶುರುವಾಗುತ್ತೆ, ಆ ಗ್ಯಾಸ್ ವಾಸನೇನ ಎಷ್ಟೋ ಜನ ಹೊಗೆ ವಾಸನೆ ಅಂದ್ಕೋತಾರೆ. ಆ ಗ್ಯಾಸ್ ಒಳ್ಳೇದಲ್ಲ, ಬೆಂಕಿ ಕಿಡಿ ಹತ್ರ ತರಬೇಡಿ.

ಹಳೇಗಾಡಿ_ಆರುಸಿಲಿಂಡರ್:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಹೇಳ್ತೀರಾ ಅಂದ್ಕೊಂಡಿರ್ಲಿಲ್ಲ. ಎರಡು ದಿನ ಗಾಡಿ ನಿಲ್ಲಿಸಿ ಒಂದೊಂದೇ ನೋಡ್ದೆ. ಮೊಟ್ಟೆ ವಾಸನೆ ಇಲ್ಲ, ಚಾರ್ಜಿಂಗ್ 28.1 ಇದೆ. ರಟ್ಟಿನ ಮೇಲೆ ಒದ್ದೆ ಚುಕ್ಕೆ ಬಿತ್ತು, ಮೂಸಿದ್ರೆ ಶುದ್ಧ ಡೀಸೆಲ್ ವಾಸನೆ. ಆಯಿಲ್ ಗೇಜ್‌ನಲ್ಲಿ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿದೆ, ಅದಕ್ಕೂ ಡೀಸೆಲ್ ವಾಸನೆ ಇದೆ, ಅದು ನೋಡಿ ಭಯ ಆಯ್ತು. ಪಂಪ್ ಯಾರೂ ಮುಟ್ಟಿಲ್ಲ, ಬರೀ ಇಂಜೆಕ್ಟರ್ ಮಾತ್ರ ಬಿಚ್ಚಿದ್ದು.

ಟೆಂಪರೇಚರ್ ಮುಳ್ಳು ಖಾಲಿ ಗಾಡೀಲಿ 60-65 ಬಿಟ್ಟು ಮೇಲೇರಲ್ಲ, ಇಷ್ಟು ವರ್ಷ ಅದು ಒಳ್ಳೇದು ಅಂದ್ಕೊಂಡಿದ್ದೆ. ಹೌಸಿಂಗ್ ಬಿಚ್ಚಿದ್ರೆ ಒಳಗೆ ಥರ್ಮೋಸ್ಟಾಟೇ ಇಲ್ಲ! ಆದ್ರೆ ನಾನು ಗಾಡಿ ತಗೊಂಡಾಗಿಂದ ಮುಳ್ಳು ಹೀಗೇ ಇದೆ, ವಾಸನೆ ಬಂದಿದ್ದು ಮಾತ್ರ ನಾಲ್ಕು ತಿಂಗಳಿಂದ, ಹಾಗಾಗಿ ಇದೊಂದೇ ಕಾರಣ ಅಲ್ಲ ಅನ್ಸುತ್ತೆ. ಯಾವ ಸಿಲಿಂಡರ್‌ದು ತೊಂದ್ರೆ ಅಂತ ಕಂಡುಹಿಡಿಯೋದು ಹೇಗೆ?

ನಾಝಲ್_ಟೆಸ್ಟರ್:

ಸರಿಯಾಗಿ ಯೋಚನೆ ಮಾಡ್ತಿದೀರಾ. ಎರಡು ದಾರಿ ಇದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕಿದ್ರೆ ಅದು ಸುಲಭ, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷದೊಳಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಂದ ಹೊಗೆ ಆಚೆ ಒಯ್ಯೋ ಕಬ್ಬಿಣದ ಪೈಪು) ಆರೂ ಕಾಲು, ಹೆಡ್‌ಗೆ ಕೂಡೋ ಜಾಗದಲ್ಲಿ, ಒಂದೇ ದೂರದಿಂದ ಅಳೀರಿ. ಉರೀದೇ ಇರೋ ಸಿಲಿಂಡರ್ ತಣ್ಣಗೆ ತೋರಿಸುತ್ತೆ. ತಡ ಮಾಡಿದ್ರೆ ಕಬ್ಬಿಣದಲ್ಲಿ ಬಿಸಿ ಹರಡಿ ಎಲ್ಲಾ ಒಂದೇ ತರ ಕಾಣುತ್ತೆ.

ಇನ್ನೊಂದು ಹಳೇ ಪದ್ಧತಿ, ಇಂಜಿನ್ ಸ್ಲೋನಲ್ಲಿ ಇರುವಾಗ ಒಂದೊಂದೇ ಇಂಜೆಕ್ಟರ್‌ನ ಪೈಪ್ ನಟ್ಟು ಅರ್ಧ ಸುತ್ತು ಸಡಿಲ ಮಾಡೋದು. ಸರಿ ಇರೋ ಸಿಲಿಂಡರ್ ಆದ್ರೆ ಇಂಜಿನ್ ತಕ್ಷಣ ಕುಂಟುತ್ತೆ, ತೊಂದ್ರೆ ಇರೋದಾದ್ರೆ ಸೌಂಡ್ ಅಷ್ಟೇನೂ ಬದಲಾಗಲ್ಲ, ಜೊತೆಗೆ ಹೊಗೆ ವಾಸನೆ ಕಮ್ಮಿ ಆಗುತ್ತೆ. ಇದು ಮೆಕ್ಯಾನಿಕಲ್ ಪಂಪ್‌ಗೆ ಮಾತ್ರ. ಓದ್ತಿರೋರಲ್ಲಿ ಯಾರದ್ದಾದ್ರೂ ಕಾಮನ್ ರೈಲ್ ಇಂಜಿನ್ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಷರ್ ಪೈಪಿಂದ ಡೀಸೆಲ್ ಹೋಗೋ ಹೊಸ ತರದ್ದು) ಆಗಿದ್ರೆ ದಯವಿಟ್ಟು ಮುಟ್ಟಬೇಡಿ, ಅದ್ರಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಪ್ರೆಷರ್ ಇರುತ್ತೆ. ನಿಮ್ಮ ಗಾಡೀಲೂ ನಟ್ಟಿನ ಮೇಲೆ ದಪ್ಪ ಬಟ್ಟೆ ಹಾಕಿ, ಕನ್ನಡಕ ಗ್ಲೌಸ್ ಹಾಕ್ಕೊಳ್ಳಿ, ಚಿಮ್ಮೋ ಡೀಸೆಲ್ ಎದುರು ಕೈ ಹಿಡೀಬೇಡಿ, ಅದು ಚರ್ಮ ತೂರಿ ಒಳಗೆ ಹೋದ್ರೆ ಮೇಲೆ ಬರೀ ಚುಕ್ಕೆ ಕಾಣುತ್ತೆ ಆದ್ರೆ ಆಪರೇಷನ್ ಆಗೋವರೆಗೂ ಹೋಗುತ್ತೆ. ಬಿಸಿ ಮ್ಯಾನಿಫೋಲ್ಡ್ ಮೇಲೆ ಡೀಸೆಲ್ ಬೀಳದ ಹಾಗೂ ನೋಡ್ಕೊಳ್ಳಿ.

ಒಂದು ಸಿಲಿಂಡರ್ ಸಿಕ್ಕಿದ್ರೆ, ಆ ಇಂಜೆಕ್ಟರ್ ತೆಗೆದಾಗ ಮೊದಲು ನೋಡ್ಬೇಕಾಗಿರೋದು ತಳದ ಕಾಪರ್ ವಾಷರ್. ಹಳೇ ವಾಷರ್ ಎಷ್ಟೋ ಸಲ ಇಂಜೆಕ್ಟರ್ ಜೊತೆ ಮೇಲೆ ಬರಲ್ಲ, ಮಸಿಯಲ್ಲಿ ಅಂಟ್ಕೊಂಡು ತೂತಿನ ತಳದಲ್ಲೇ ಉಳ್ಕೊಳ್ಳುತ್ತೆ, ಕಪ್ಪಗೆ ಸೀಟಿನ ತರಾನೇ ಕಾಣುತ್ತೆ. ನೋಡದೇ ಅದರ ಮೇಲೆ ಹೊಸ ವಾಷರ್ ಹಾಕಿಬಿಟ್ರೆ ನಾಝಲ್ ಒಂದು ವಾಷರ್ ದಪ್ಪದಷ್ಟು ಮೇಲೆ ಕೂತ್ಕೊಳ್ಳುತ್ತೆ. ಒಂದೂವರೆ ಎರಡು ಮಿಲಿಮೀಟರ್ ಏನು ಮಹಾ ಅನ್ಸಬಹುದು, ಆದ್ರೆ ಸ್ಪ್ರೇ ಬೀಳಬೇಕಾಗಿರೋದು ಪಿಸ್ಟನ್ ತಲೆಯ ಗುಂಡಿ ಒಳಗೆ, ಅದು ತಪ್ಪಿ ಗುಂಡಿಯ ಅಂಚಿಗೆ, ಹೆಡ್‌ಗೆ, ಸಿಲಿಂಡರ್ ಗೋಡೆಗೆ ಬೀಳುತ್ತೆ. ಗೋಡೆಗೆ ಬಿದ್ದ ಡೀಸೆಲ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತೆ. ನಿಮ್ಮ ಆಯಿಲ್ ಲೆವೆಲ್ ಏರಿರೋದು ಕೇಳಿದ ಮೇಲೆ ನಂಗೆ ಇದೇ ಅನುಮಾನ ಜಾಸ್ತಿ ಆಗಿದೆ. ಫೀಡ್ ಪಂಪ್ ಸೀಲ್ ಹೋದ್ರೂ ಆಯಿಲ್‌ಗೆ ಡೀಸೆಲ್ ಇಳಿಯುತ್ತೆ, ಆದ್ರೆ ಅದರಿಂದ ಸೈಲೆನ್ಸರ್‌ನಲ್ಲಿ ಒದ್ದೆ ಚುಕ್ಕೆ ಬರಲ್ಲ.

ಆರೂ ತೂತಿಗೆ ಡೆಪ್ತ್ ವರ್ನಿಯರ್ ಇಳಿಸಿ ಸೀಟಿನ ಆಳ ಅಳೀರಿ, ಕಣ್ಣಿಗೆ ಕಾಣ್ದೇ ಇದ್ರೂ ಅಳತೇಲಿ ಸಿಗುತ್ತೆ. ಮತ್ತೆ ಆ ಆಯಿಲ್‌ನಲ್ಲಿ ಇನ್ನು ಗಾಡಿ ಓಡಿಸ್ಬೇಡಿ.

ಪಂಪ್‌ರೂಂ:

ಮೇಲೆ ಹೇಳಿದ್ದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಒಂದು ಸೇರಿಸ್ತೀನಿ, ಇಂಜೆಕ್ಟರ್ ಸುತ್ತ ಡಾಂಬರ್ ತರ ಕರೀ ಮಡ್ಡಿ ಕಟ್ಟಿದ್ರೆ, ತಣ್ಣಗಿರುವಾಗ ಚಫ್ ಚಫ್ ಅಂತ ಸೌಂಡ್ ಬಂದ್ರೆ ವಾಷರ್ ಸೀಲ್ ಆಗಿಲ್ಲ, ಕಂಪ್ರೆಷನ್ ಗ್ಯಾಸ್ ಪಕ್ಕದಿಂದ ಆಚೆ ಬರ್ತಿದೆ ಅಂತ. ಆ ಗ್ಯಾಸೇ ಕ್ಯಾಬಿನ್‌ಗೂ ಬರುತ್ತೆ.

ಹಳೇಗಾಡಿ_ಆರುಸಿಲಿಂಡರ್:

ಸಿಕ್ತು! ಮೂರನೇ ಸಿಲಿಂಡರ್. ಥರ್ಮಾಮೀಟರ್‌ನಲ್ಲಿ ಬೇರೆ ಐದೂ 90ರಿಂದ 100 ಡಿಗ್ರಿ ಒಳಗೆ, ಮೂರನೇದು 62. ನಟ್ಟು ಸಡಿಲ ಮಾಡಿದಾಗ್ಲೂ ಅದೊಂದರಲ್ಲಿ ಮಾತ್ರ ಸೌಂಡ್ ಬದಲಾಗ್ಲಿಲ್ಲ. ಇಂಜೆಕ್ಟರ್ ತೆಗೆದ್ರೆ ತಳದಲ್ಲಿ ಒಂದೇ ವಾಷರ್ ಬಂತು, ಹೊಸದು. ಟಾರ್ಚ್ ಬಿಟ್ಟು ನೋಡಿದ್ರೆ ನಂಗೇನೂ ಕಾಣಲಿಲ್ಲ, ಎಲ್ಲಾ ಕಪ್ಪು. ವರ್ನಿಯರ್ ಇಳಿಸಿದ್ರೆ ಬೇರೆ ಐದು ತೂತಿಗಿಂತ 1.6 ಮಿಲಿಮೀಟರ್ ಆಳ ಕಮ್ಮಿ. ಮೊನೆ ಬಗ್ಗಿಸಿದ ಗಟ್ಟಿ ತಂತಿಯಿಂದ ಕೆರೆದ್ರೆ ಕರೀ ಪದರದ ಕೆಳಗೆ ತಾಮ್ರದ ಬಣ್ಣ ಮಿಂಚ್ತು, ಆ ಕ್ಷಣ ಎಷ್ಟು ಖುಷಿ ಆಯ್ತು ಅಂದ್ರೆ ಹೇಳೋಕಾಗಲ್ಲ, ನಾಲ್ಕು ತಿಂಗಳ ತಲೆನೋವಿನ ಕಾರಣ ಕಣ್ಮುಂದೆ ಕೂತಿತ್ತು.

ತೆಗೆಯೋಕೆ ಒಂದು ಗಂಟೆ ಹಿಡೀತು. ಓರೆ ಮೊನೆಯ ಟ್ಯಾಪ್‌ಗೆ ಗ್ರೀಸ್ ಹಚ್ಚಿ ವಾಷರ್ ಒಳಗೆ ನಿಧಾನಕ್ಕೆ ತಿರುಗಿಸಿ ಕಚ್ಚಿಸಿ ಎಳೆದೆ, ಚೂರುಗಳೆಲ್ಲ ಗ್ರೀಸ್‌ಗೆ ಅಂಟ್ಕೊಂಡು ಬಂತು. ಆಮೇಲೆ ಸೀಟ್ ಒರೆಸಿ, ಇಂಜೆಕ್ಟರ್ ಹಾಕೋ ಮುಂಚೆ ಸ್ಟಾಪ್ ಲಿವರ್ (ಡೀಸೆಲ್ ನಿಲ್ಲಿಸೋದು) ಎಳೆದು ಹಿಡಿದು ಸೆಲ್ಫ್ ಹೊಡೆದೆ, ಒಳಗೇನಾದ್ರೂ ಮಸಿ ಬಿದ್ದಿದ್ರೆ ಗಾಳಿ ಜೊತೆ ಆಚೆ ಬರಲಿ ಅಂತ, ಮುಖ ದೂರ ಇಟ್ಕೊಂಡೇ ಮಾಡಿದ್ದು. ಆರಕ್ಕೂ ಹೊಸ ವಾಷರ್, ಮ್ಯಾನ್ಯುಯಲ್‌ನಲ್ಲಿರೋ ಟಾರ್ಕ್‌ಗೆ ಟೈಟ್ ಮಾಡಿದ್ದು. ಆರೂ ಇಂಜೆಕ್ಟರ್ ಟೆಸ್ಟರ್ ಮೇಲೂ ಹಾಕಿಸ್ದೆ, ಐದನೇದು 15 ಬಾರ್ ಕಮ್ಮಿ ಇತ್ತು, ಶಿಮ್ ಹಾಕಿ ಸರಿ ಮಾಡಿದ್ರು. 82 ಡಿಗ್ರಿ ಥರ್ಮೋಸ್ಟಾಟ್ ಹಾಕ್ದೆ, ಹಾಕೋ ಮುಂಚೆ ಬಿಸಿನೀರಲ್ಲಿ ಮುಳುಗಿಸಿ ಬಾಯಿ ಬಿಡೋದು ನೋಡ್ಕೊಂಡೆ. ಆಯಿಲ್, ಫಿಲ್ಟರ್ ಎರಡೂ ಬದಲಾಯಿಸ್ದೆ.

ಈಗ ಬೆಳಗ್ಗೆ ಒಂದೆರಡು ನಿಮಿಷ ಸ್ವಲ್ಪ ಹೊಗೆ, ಆಮೇಲೆ ಕ್ಲೀನು. ಹಿಂದೆ ನಿಂತ್ರೆ ಮಾಮೂಲಿ ಡೀಸೆಲ್ ಗಾಡಿ ವಾಸನೆ ಅಷ್ಟೇ, ಕಣ್ಣು ಉರಿಯಲ್ಲ. ಆದ್ರೆ ಕ್ಯಾಬಿನ್ ಒಳಗೆ ಇನ್ನೂ ಸ್ವಲ್ಪ ಬರ್ತಿದೆ, ಮ್ಯಾನಿಫೋಲ್ಡ್ ಸುತ್ತ ಮಸಿ ಗುರುತು ಎಲ್ಲೂ ಇಲ್ಲ. ಅದೆಲ್ಲಿಂದ?

ಸ್ಟೇರಿಂಗ್_ಹಿಡಿದಕೈ:

ಭಾಳ ಚಲೋ ಕೆಲಸ ಮಾಡಿದ್ರಿ. ಕ್ಯಾಬಿನ್‌ದು ಬ್ಯಾರೇ ದಾರಿ ಇರ್ಬೇಕು. ಇಂಜಿನ್ ಬ್ರೀದರ್ ಪೈಪ್ ನೋಡ್ರಿ, ಹಳೇ ಗಾಡಿಯಾಗ ಕ್ರ್ಯಾಂಕ್‌ಕೇಸ್ (ಇಂಜಿನ್ ಕೆಳಗಿನ ಆಯಿಲ್ ಇರೋ ಭಾಗ) ಗಾಳಿ ಹಂಗ ಕೆಳಗ ಬಿಡ್ತಾರ, ಆ ರಬ್ಬರ್ ಪೈಪ್ ನಡುವ ಹರದಿದ್ರ ಆ ಹೊಗಿ ಸೀದಾ ಕ್ಯಾಬಿನ್ ತಳಕ್ಕ ಬಡೀತದ. ಹಂಗ ಆಯಿಲ್ ಹಾಕೋ ಮುಚ್ಚಳ ತಿರುವಿ ತೂತಿನ ಮ್ಯಾಲೆ ಸುಮ್ನ ಇಡ್ರಿ, ಸ್ಲೋನ್ಯಾಗ ಸ್ವಲ್ಪ ಅಲುಗಾಡಿದ್ರ ನಡೀತದ, ಹಾರಿ ಬಿತ್ತು ಅಂದ್ರ ರಿಂಗ್ ಸವದಾವು ಅಂತ ಲೆಕ್ಕ. ಗೇರ್ ಲಿವರ್ ರಬ್ಬರ್, ಪೆಡಲ್ ತೂತು, ವೈರಿಂಗ್ ಹೋಗೋ ತೂತು, ಕತ್ತಲದಾಗ ಕೆಳಗಿಂದ ಟಾರ್ಚ್ ಹಿಡಿಸಿ ಒಳಗ ಕುಂತು ನೋಡ್ರಿ, ಬೆಳಕು ಬಂದಲ್ಲೇ ಹೊಗೀನೂ ಬರ್ತದ.

ಹಳೇಗಾಡಿ_ಆರುಸಿಲಿಂಡರ್:

ನೀವು ಹೇಳಿದ್ದೇ ಆಯ್ತು ಸರ್. ಬ್ರೀದರ್ ಪೈಪು ಗೇರ್‌ಬಾಕ್ಸ್ ಮೇಲೇ ತುಂಡಾಗಿತ್ತು, ಗೇರ್ ಲಿವರ್ ರಬ್ಬರ್ ಒಂದು ಬದಿ ಸೀಳಿತ್ತು, ಟಾರ್ಚ್ ಬೆಳಕು ಅಲ್ಲಿಂದ ನೇರ ಮುಖಕ್ಕೆ ಬಂತು. ಎರಡೂ ಬದಲಾಯಿಸ್ದೆ. ಮುಚ್ಚಳ ಹಾರ್ಲಿಲ್ಲ, ಸುಮ್ನೆ ನಡುಗ್ತಾ ಕೂತಿತ್ತು. ನಿನ್ನೆ ಒಂಬತ್ತು ಗಂಟೆ ಓಡಿಸಿದೀನಿ, ಅದರಲ್ಲಿ ಕೊನೆಯ ಎರಡು ಗಂಟೆ ಮಳೆ ಅಂತ ಕಿಟಕಿ ಹಾಕಿದ್ದೆ, ತಲೆನೋವು ಬರ್ಲಿಲ್ಲ. ಆಯಿಲ್ ಲೆವೆಲ್‌ಗೆ ಗೇಜ್ ಕಡ್ಡಿ ಮೇಲೆ ಗುರುತು ಮಾಡಿ ಇಟ್ಟಿದೀನಿ, 1000 ಕಿಲೋಮೀಟರ್ ಆದ್ಮೇಲೆ ಏರಿದ್ಯಾ ನೋಡಿ ಇಲ್ಲೇ ಬರೀತೀನಿ.